ಹುಟ್ಟಿನಿಂದ ಕಾಲಿಲ್ಲದ ಮಗು: ಕೋಡ್ ಹಾಕುವುದು ಹೇಗೆ, ನೋಡಿಕೊಳ್ಳುವುದು ಹೇಗೆ

ಆಸ್ಪತ್ರೆಯ ಚಾರ್ಟಿನಲ್ಲಿ ಒಂದೇ ಸಾಲು ಇರುತ್ತದೆ: ‘ಎಡಗಾಲು ಇಲ್ಲ.’ ಈ ಸಾಲು ನೆಚ್ಚಿಕೊಂಡು ಕೋಡ್ (ದಾಖಲೆಗೂ ಬಿಲ್ಲಿಗೂ ರೋಗವನ್ನು ಗುರುತಿಸುವ ಸಂಕೇತ) ಹಾಕಲು ಬರುವುದಿಲ್ಲ, ಮಗುವಿಗೆ ಮುಂದೇನು ಮಾಡಬೇಕೆಂದೂ ತಿಳಿಯುವುದಿಲ್ಲ. ಎರಡಕ್ಕೂ ಬೇಕಾಗಿರುವುದು ಅವೇ ನಾಲ್ಕು ಉತ್ತರ. ಹುಟ್ಟುವಾಗಲೇ ಇರಲಿಲ್ಲವೋ, ಆಮೇಲೆ ತೆಗೆದದ್ದೋ? ಕಾಲು ಅಡ್ಡಕ್ಕೆ ಕತ್ತರಿಸಿದ ಹಾಗೆ ನಿಂತುಹೋಗಿದೆಯೋ, ಉದ್ದಕ್ಕೆ ಒಂದು ಎಲುಬು ಮಾತ್ರ ಕಾಣೆಯೋ? ಯಾವ ಮಟ್ಟದಲ್ಲಿ? ಯಾವ ಬದಿ?

ಬೆಂಗಳೂರು, ಮೈಸೂರುಗಳಲ್ಲಿ ಕೂತು ಅಮೆರಿಕದ ವಿಮಾ ಕ್ಲೇಮುಗಳಿಗೆ ಕೋಡ್ ಹಾಕುವವರಿಗೆ ಇಂಥ ಚಾರ್ಟ್ ಅಪರೂಪಕ್ಕೆ ಬರುತ್ತದೆ. ಅಪರೂಪವಾದ್ದರಿಂದಲೇ ತಪ್ಪು ಹೆಚ್ಚು. ಮಗು ಮನೆಯಲ್ಲೇ ಇರುವವರಿಗೆ ಕೋಡು ಕಟ್ಟಿಕೊಂಡು ಏನಾಗಬೇಕು ಅನ್ನಿಸಬಹುದು. ಆದರೆ ಕೋಡಿನ ಹಿಂದಿರುವ ವಿಂಗಡಣೆಯೇ ಆಪರೇಷನ್ ಬೇಕೋ ಬೇಡವೋ, ಕೃತಕ ಕಾಲು ಯಾವಾಗ ಎನ್ನುವುದನ್ನೂ ಹೇಳುತ್ತದೆ. ಹಾಗಾಗಿ ಇಲ್ಲಿ ಎರಡನ್ನೂ ಒಟ್ಟಿಗೇ ಇಟ್ಟಿದೆ.

ಮೊದಲು ಎಲುಬು ಎಣಿಸಿ

ಅಡ್ಡ ಕೊರತೆ ಎಂದರೆ ಒಂದು ಮಟ್ಟದವರೆಗೆ ಕಾಲು ಸರಿಯಾಗಿಯೇ ಬೆಳೆದಿದೆ, ಅದರ ಕೆಳಗೆ ಏನೂ ಇಲ್ಲ. ತುದಿಯಲ್ಲಿ ಕೆಲವೊಮ್ಮೆ ಬೆರಳಿನ ಗುರುತಿನಂಥ ಚಿಕ್ಕ ಚರ್ಮದ ಗಂಟುಗಳಿರುತ್ತವೆ. ಗರ್ಭದೊಳಗಿನ ಪೊರೆಯ ಎಳೆ ಸುತ್ತಿಕೊಂಡು ಆದದ್ದಾದರೆ ಚರ್ಮದ ಮೇಲೆ ದಾರ ಬಿಗಿದಂಥ ಉಂಗುರದ ಗೆರೆ ಕಾಣುತ್ತದೆ. ಬೇರೆ ಕೈಕಾಲು ಬೆರಳುಗಳಲ್ಲೂ ಅದೇ ಗೆರೆ ಇದೆಯೇ ಎಂದು ಹುಡುಕಬೇಕು.

ಉದ್ದ ಕೊರತೆಯ ಕಥೆ ಬೇರೆ. ಪಾದ ಇರುತ್ತದೆ, ನಡುವಿನ ಎಲುಬು ಪೂರ್ತಿಯೋ ಅರ್ಧವೋ ಇರುವುದಿಲ್ಲ. ಮೂರು ಬಗೆ ಗೊತ್ತಿದ್ದರೆ ಸಾಕು.

ಫಿಬುಲಾ ಇಲ್ಲದ್ದು ಈ ಮೂರರಲ್ಲಿ ಹೆಚ್ಚು ಕಾಣುವುದು. ಮೊಣಕಾಲ ಕೆಳಗೆ ಹೊರಬದಿಯ ಸಪೂರ ಎಲುಬು ಇಲ್ಲ, ಕಾಲು ಮುಂದಕ್ಕೆ ಬಾಗಿದೆ, ಬಾಗಿದ ಕಡೆ ಚರ್ಮದಲ್ಲಿ ಒಂದು ಗುಳಿ, ಪಾದ ಹೊರಕ್ಕೆ ತಿರುಗಿದೆ, ಹೊರಬದಿಯ ಒಂದೆರಡು ಬೆರಳು ಕಡಿಮೆ. ಫೀಮರ್, ಅಂದರೆ ತೊಡೆಯೆಲುಬಿನ ಮೇಲ್ಭಾಗ ಬೆಳೆಯದಿದ್ದರೆ ತೊಡೆ ಗಿಡ್ಡವಾಗಿ, ದಪ್ಪವಾಗಿ, ಮಡಚಿ ಹೊರಕ್ಕೆ ತಿರುಗಿಕೊಂಡಿರುತ್ತದೆ. ವೈದ್ಯರು ಪಿಎಫ್‌ಎಫ್‌ಡಿ ಎಂದು ಬರೆಯುತ್ತಾರೆ. ಇವೆರಡೂ ಒಂದೇ ಕಾಲಿನಲ್ಲಿ ಸೇರಿ ಬರುವುದುಂಟು. ಟಿಬಿಯಾ, ಅಂದರೆ ಮೊಣಕಾಲ ಕೆಳಗಿನ ದಪ್ಪ ಎಲುಬು, ಇಲ್ಲದ್ದು ಬಹಳ ಅಪರೂಪ, ಸುಮಾರು 10 ಲಕ್ಷಕ್ಕೊಂದು. ಪಾದ ಒಳಕ್ಕೆ ಮಡಚಿ ಅಂಗಾಲು ಇನ್ನೊಂದು ಕಾಲಿನ ಕಡೆ ನೋಡುತ್ತಿರುತ್ತದೆ. ಇದನ್ನು ವಕ್ರಪಾದವೆಂದು ತಿಳಿದು ವಾರಗಟ್ಟಲೆ ಪ್ಲಾಸ್ಟರ್ ಹಾಕಿಸಿಕೊಂಡು ಕೂರುವುದು ಆಗಾಗ ಆಗುವ ತಪ್ಪು. ವಕ್ರಪಾದಕ್ಕೆ ಮೊದಲ ಪ್ಲಾಸ್ಟರ್ ಹಾಕುವ ಮುಂಚೆ ಟಿಬಿಯಾ ಮೇಲಿಂದ ಕೆಳಗಿನವರೆಗೆ ಕೈಗೆ ಸಿಗುತ್ತದೆಯೇ ಎಂದು ಬೆರಳೋಡಿಸಿ ನೋಡಿದರೆ ಇದು ಅಲ್ಲೇ ತಿಳಿಯುತ್ತದೆ.

ಎಕ್ಸ್‌ರೇ ಸೊಂಟದಿಂದ ಪಾದದವರೆಗೆ, ಎರಡೂ ಕಾಲಿನದ್ದು ಬೇಕು. ಇಲ್ಲೊಂದು ಎಚ್ಚರ: ಹಸುಗೂಸಿನ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ತೊಡೆಯೆಲುಬಿನ ತಲೆ ಸರಿಯಿದ್ದ ಮಗುವಿನಲ್ಲೂ 4ರಿಂದ 6 ತಿಂಗಳ ಹೊತ್ತಿಗಷ್ಟೇ ಫಿಲ್ಮಿನಲ್ಲಿ ಮೂಡುವುದು. ಆದ್ದರಿಂದ ಮೊದಲ ವಾರದ ಎಕ್ಸ್‌ರೇಯಲ್ಲಿ ‘ಇಲ್ಲ’ ಎಂದಿದ್ದು ಆರು ತಿಂಗಳಿಗೆ ‘ಇದೆ’ ಆಗಬಹುದು. ಅಲ್ಟ್ರಾಸೌಂಡ್ ಮೃದ್ವಸ್ಥಿಯನ್ನು ತೋರಿಸುತ್ತದೆ. ಟಿಬಿಯಾ ವಿಷಯದಲ್ಲಂತೂ ಮೇಲ್ತುದಿಯ ಚೂರು ಮೃದ್ವಸ್ಥಿಯಾಗಿ ಇದೆಯೇ, ಮಗು ಮೊಣಕಾಲನ್ನು ತಾನಾಗಿ ನೀಡುತ್ತದೆಯೇ ಎನ್ನುವುದರ ಮೇಲೆಯೇ ಮೊಣಕಾಲು ಉಳಿಯುವುದೋ ಇಲ್ಲವೋ ನಿರ್ಧಾರವಾಗುವುದು.

ಕ್ಯೂ72: ಕೋಡ್ ಕಟ್ಟುವ ಬಗೆ

ರೋಗಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ ಐಸಿಡಿ-10ರಲ್ಲಿ ಕಾಲಿನ ಜನ್ಮಜಾತ ಕೊರತೆಗಳೆಲ್ಲ ಕ್ಯೂ72ರಲ್ಲಿವೆ (Q72). ನಾಲ್ಕನೆಯ ಅಂಕೆ ಏನಿಲ್ಲ ಎಂದು ಹೇಳುತ್ತದೆ.

ಕ್ಯೂ72.0: ಇಡೀ ಕಾಲೇ ಇಲ್ಲ
ಕ್ಯೂ72.1: ತೊಡೆ, ಮೊಣಕಾಲ ಕೆಳಗಿನ ಭಾಗ ಇಲ್ಲ, ಪಾದ ಇದೆ
ಕ್ಯೂ72.2: ಮೊಣಕಾಲ ಕೆಳಗಿನ ಭಾಗವೂ ಪಾದವೂ ಇಲ್ಲ
ಕ್ಯೂ72.3: ಪಾದ ಅಥವಾ ಕಾಲ್ಬೆರಳು ಇಲ್ಲ
ಕ್ಯೂ72.4: ಫೀಮರಿನ ಉದ್ದ ಕೊರತೆ, ಪಿಎಫ್‌ಎಫ್‌ಡಿ ಇಲ್ಲಿಗೆ
ಕ್ಯೂ72.5: ಟಿಬಿಯಾ
ಕ್ಯೂ72.6: ಫಿಬುಲಾ
ಕ್ಯೂ72.7: ಸೀಳು ಪಾದ
ಕ್ಯೂ72.8: ಇತರೆ, ಬರೀ ಗಿಡ್ಡವಾಗಿರುವ ಕಾಲೂ ಸೇರಿ
ಕ್ಯೂ72.9: ಏನೆಂದು ಹೇಳಿಲ್ಲ

ನಮ್ಮ ದೇಶದ ಆಸ್ಪತ್ರೆ ದಾಖಲೆಗಳಲ್ಲಿ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಇಲ್ಲಿಗೇ ನಿಲ್ಲುತ್ತದೆ. ಬಲವೋ ಎಡವೋ ಅದರಲ್ಲಿ ಇಲ್ಲ. ಹಾಗಾಗಿ ಡಿಸ್ಚಾರ್ಜ್ ಸಮರಿಯಲ್ಲಿ ಬದಿಯನ್ನು ಮಾತಿನಲ್ಲಿ ಬರೆಯಲೇಬೇಕು. ಅಮೆರಿಕದ ಐಸಿಡಿ-10-ಸಿಎಂನಲ್ಲಿ ಐದನೆಯ ಅಂಕೆ ಬದಿಯದ್ದು: 1 ಬಲ, 2 ಎಡ, 3 ಎರಡೂ, 0 ಹೇಳಿಲ್ಲ. ಬಲಗಾಲಿನ ಫಿಬುಲಾ ಇಲ್ಲದಿದ್ದರೆ ಕ್ಯೂ72.61. ಎಡಗಾಲು ಮೊಣಕಾಲ ಕೆಳಗೆ ಇಲ್ಲದಿದ್ದರೆ ಕ್ಯೂ72.22.

ಕ್ಯೂ72.8ರಲ್ಲಿ ಮಾತ್ರ ಈ ಸಾಲು ಮುರಿಯುತ್ತದೆ. ಅಲ್ಲಿ ಆರು ಅಂಕೆ ಬೇಕು: ಜನ್ಮತಃ ಗಿಡ್ಡ ಕಾಲಿಗೆ ಕ್ಯೂ72.811 ಬಲ, .812 ಎಡ, .813 ಎರಡೂ. ಬದಿ ಹೇಳದಿದ್ದರೆ ಸೊನ್ನೆಯಲ್ಲ, ಒಂಬತ್ತು: ಕ್ಯೂ72.819. ಬಾಯಿಪಾಠದವರು ಎಡವುವುದು ಇಲ್ಲೇ.

ಎರಡೂ ಕಾಲಿನಲ್ಲಿ ಒಂದೇ ಬಗೆಯ ಕೊರತೆಯಿದ್ದರೆ 3ರ ಒಂದೇ ಕೋಡ್. ಬಲಗಾಲಿಗೆ ಪಾದ ಇಲ್ಲ, ಎಡಗಾಲಿಗೆ ಫಿಬುಲಾ ಇಲ್ಲ ಎಂದಾದರೆ ಕ್ಯೂ72.31, ಕ್ಯೂ72.62 ಬೇರೆ ಬೇರೆ.

ಒಂದು ಚಾರ್ಟನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಆಸ್ಪತ್ರೆ, ಸಹಜ ಹೆರಿಗೆ, ಒಂದೇ ಮಗು. ಬಲಗಾಲಿನ ಫಿಬುಲಾ ಪೂರ್ತಿ ಇಲ್ಲ, ಬಲಪಾದದ ಹೊರಬದಿಯ ಎರಡು ಬೆರಳಿಲ್ಲ, ಕಾಲು ಒಂದೂವರೆ ಸೆಂಟಿಮೀಟರ್ ಗಿಡ್ಡ. ಹುಟ್ಟಿದ ದಾಖಲಾತಿಗೆ ಮೊದಲ ಕೋಡ್ ಝಡ್38.00, ಸಿಸೇರಿಯನ್ ಆಗಿದ್ದರೆ ಝಡ್38.01. ಆಮೇಲೆ ಕ್ಯೂ72.61, ಕ್ಯೂ72.31. ಗಿಡ್ಡತನಕ್ಕೆ ಬೇರೆ ಕೋಡ್ ಬೇಡ, ಫಿಬುಲಾ ಕೊರತೆಯೊಳಗೇ ಅದು ಸೇರಿದೆ. ಮಗುವನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ಝಡ್38 ಮತ್ತೆ ಬರುವುದಿಲ್ಲ. ಅದು ಹುಟ್ಟಿದ ಆಸ್ಪತ್ರೆಯಲ್ಲಿ ಒಂದೇ ಸಲ.

ತಾಯಿಯ ಚಾರ್ಟಿಗೆ ಕ್ಯೂ ಕೋಡ್ ಹೋಗುವುದಿಲ್ಲ. ಗರ್ಭದ ಸ್ಕ್ಯಾನಿನಲ್ಲಿ ಕಾಲಿನ ತೊಂದರೆ ಕಂಡು ಅದಕ್ಕಾಗಿ ತಾಯಿಯನ್ನು ನೋಡುತ್ತಿದ್ದರೆ ಓ35.ಎಚ್‌ಎಕ್ಸ್‌ಎಕ್ಸ್0, ಕೊನೆಯ ಸೊನ್ನೆ ಒಂದೇ ಭ್ರೂಣ ಎನ್ನುವುದಕ್ಕೆ. 2022ರ ಅಕ್ಟೋಬರಿಗೆ ಮುಂಚೆ ಕಾಲಿಗೆಂದು ಪ್ರತ್ಯೇಕ ಜಾಗ ಇರಲಿಲ್ಲ, ಹಳೆ ಟೆಂಪ್ಲೇಟುಗಳಲ್ಲಿ ಬೇರೆ ಕೋಡ್ ಕಂಡರೆ ಕಾರಣ ಇದು.

ಕೋಡ್ ತಪ್ಪುವ ಜಾಗಗಳು

ಎಲ್ಲಕ್ಕಿಂತ ದೊಡ್ಡದು ಝಡ್89. ಅದು ಆಮೇಲೆ ಕಳೆದುಕೊಂಡ ಅಂಗಕ್ಕೆ: ಅಪಘಾತ, ಮಧುಮೇಹ, ಆಪರೇಷನ್. ಹುಟ್ಟಿನಿಂದ ಇಲ್ಲದ್ದಕ್ಕೆ ಅದನ್ನು ಹಾಕುವಂತಿಲ್ಲ. ಝಡ್89ರ ಅಡಿಯಲ್ಲೇ ಎಕ್ಸ್‌ಕ್ಲೂಡ್ಸ್1 (ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ ಎನ್ನುವ) ಟಿಪ್ಪಣಿ ಕ್ಯೂ71ರಿಂದ ಕ್ಯೂ73ರವರೆಗಿನದನ್ನು ಹೊರಗಿಟ್ಟಿದೆ. ಕೃತಕ ಕಾಲಿನ ಕ್ಲಿನಿಕ್ಕಿನವರು ಎಲ್ಲರನ್ನೂ ‘ಆಂಪ್ಯುಟಿ’ ಎಂದೇ ಬರೆಯುತ್ತಾರೆ. ಆ ಪದವನ್ನು ನೋಡಿ ಝಡ್89.51ಕ್ಕೆ ಹೋಗಬೇಡಿ; ಆಪರೇಷನ್ ಇತಿಹಾಸ ಓದಿ.

ಈಗ ಕಷ್ಟದ್ದು. ಫಿಬುಲಾ ಇಲ್ಲದೆ ಹುಟ್ಟಿದ ಮಗುವಿಗೆ ಒಂದು ವರ್ಷಕ್ಕೆ ಹರಡಿನಲ್ಲಿ ಪಾದ ತೆಗೆದಿದ್ದಾರೆ. ಫಿಬುಲಾ ಇಲ್ಲದ್ದು ಜನ್ಮಜಾತ, ಪಾದ ಇಲ್ಲದ್ದು ಶಸ್ತ್ರಚಿಕಿತ್ಸೆಯಿಂದ. ಕ್ಯೂ72.6, ಝಡ್89.44 ಎರಡನ್ನೂ ಹಾಕಿದರೆ ಕ್ಲೇಮ್ ಸಾಫ್ಟ್‌ವೇರಿನ ತಪಾಸಣೆ (ಎಡಿಟ್) ತಡೆಯುತ್ತದೆ. ಎಕ್ಸ್‌ಕ್ಲೂಡ್ಸ್1ಗೆ ಇರುವ ವಿನಾಯಿತಿ, ಎರಡು ಸ್ಥಿತಿಗಳಿಗೆ ಸಂಬಂಧವೇ ಇಲ್ಲದಿದ್ದಾಗ ಮಾತ್ರ. ಇಲ್ಲಿ ಪಾದ ತೆಗೆದದ್ದೇ ಆ ಕೊರತೆಗಾಗಿ, ಸಂಬಂಧವಿಲ್ಲ ಎಂದು ವಾದಿಸುವುದು ಸುಲಭವಲ್ಲ. ಕೋಡರ್ ತಾನೇ ತೀರ್ಮಾನಿಸುವ ವಿಷಯವಲ್ಲ ಇದು: ಆ ದಿನದ ಭೇಟಿ ಯಾತಕ್ಕೆ ಎಂದು ವೈದ್ಯರಿಗೆ ಕ್ವೆರಿ ಕಳಿಸಿ, ಕಂಪ್ಲಯನ್ಸ್‌ನವರಿಂದ ಒಂದು ಲಿಖಿತ ನಿಯಮ ಮಾಡಿಸಿಟ್ಟುಕೊಳ್ಳಿ. ಒಂದೇ ಮಗುವಿಗೆ ತಿಂಗಳಿಗೊಂದು ಬಗೆಯ ಕೋಡ್ ಹೋದರೆ ಆಡಿಟ್‌ನಲ್ಲಿ ಅದೇ ಎದ್ದು ಕಾಣುವುದು.

‘ಹೆಮಿಮೀಲಿಯಾ’ (ಉದ್ದ ಕೊರತೆಗೆ ವೈದ್ಯರು ಬಳಸುವ ಹೆಸರು) ಪದ ಇನ್ನೊಂದು ಬಲೆ. ಕೋಡ್ ಪುಸ್ತಕದ ಸೂಚಿಯಲ್ಲಿ ಅದನ್ನು ಹುಡುಕಿದರೆ ಮೊದಲು ಸಿಗುವುದು ಕ್ಯೂ73.8, ಅಂದರೆ ಕೈಯೋ ಕಾಲೋ ಹೇಳದ ಕೊರತೆ. ಫಿಬುಲಾರ್ ಹೆಮಿಮೀಲಿಯಾ ಎಂದು ಬರೆದ ಮೇಲೆ ಎಲುಬೇ ಗೊತ್ತಾಯಿತಲ್ಲ, ಕ್ಯೂ72.6ಕ್ಕೆ ಹೋಗಿ. ‘ಎಲ್‌ಎಲ್‌ಡಿ’ (ಕಾಲುಗಳ ಉದ್ದದ ವ್ಯತ್ಯಾಸ) ಎಂದಿದ್ದರೆ ಎಂ21.7 ಹಾಕುವ ರೂಢಿಯೂ ಇದೆ. ಅದು ಆಮೇಲೆ ಬಂದ ಉದ್ದ ವ್ಯತ್ಯಾಸಕ್ಕೆ, ಜನ್ಮಜಾತದ್ದಕ್ಕಲ್ಲ.

ಹೊರರೋಗಿ ಚಾರ್ಟಿನಲ್ಲಿ ‘ಇರಬಹುದು’, ‘ಶಂಕೆ’ ಎಂದಿರುವುದಕ್ಕೆ ಕೋಡ್ ಇಲ್ಲ. ಮೇಲೆ ಹೇಳಿದ ಎಕ್ಸ್‌ರೇ ಗೊಂದಲಕ್ಕೂ ಇದಕ್ಕೂ ನೇರ ನಂಟು: ಮೊದಲ ತಿಂಗಳು ‘ಪಿಎಫ್‌ಎಫ್‌ಡಿ ಶಂಕೆ’ ಎಂದಿದ್ದರೆ ಕ್ಯೂ72.4 ಹಾಕಬೇಡಿ, ಕಂಡದ್ದನ್ನಷ್ಟೇ ಹಾಕಿ. ಒಮ್ಮೆ ತಪ್ಪು ಬಗೆ ದಾಖಲೆಗೆ ಹೊಕ್ಕರೆ ಮುಂದಿನ ಚಾರ್ಟುಗಳಿಗೆ ನಕಲಾಗುತ್ತಲೇ ಹೋಗುತ್ತದೆ.

ಕೃತಕ ಕಾಲು ಅಳವಡಿಸಲು, ಸರಿಮಾಡಿಸಲು ಬಂದ ದಿನ ಮೊದಲ ಕೋಡ್ ಝಡ್44.1 ಗುಂಪಿನದ್ದು: ಪೂರ್ತಿ ಕಾಲಾದರೆ ಝಡ್44.111 ಬಲ, .112 ಎಡ, ಭಾಗಶಃ ಆದರೆ ಝಡ್44.121, .122. ಕ್ಯೂ72 ಅದರ ಹಿಂದೆ. ಬೇರೆ ಕಾರಣಕ್ಕೆ, ಜ್ವರಕ್ಕೋ ಕಿವಿನೋವಿಗೋ ಬಂದಾಗ ಕೃತಕ ಕಾಲಿದೆ ಎಂದು ಹೇಳಬೇಕಿದ್ದರೆ ಝಡ್97.13 ಬಲ, .14 ಎಡ. ಸಲಕರಣೆಯ ಬಿಲ್ಲಿನಲ್ಲಿ ಆರ್‌ಟಿ, ಎಲ್‌ಟಿ (ಬಲ, ಎಡ) ಮಾಡಿಫಯರ್ ಮತ್ತು ರೋಗದ ಕೋಡಿನ ಬದಿ ತಾಳೆಯಾಗದಿದ್ದರೆ ಕ್ಲೇಮ್ ವಾಪಸ್.

ಸ್ಟಂಪಿನ, ಅಂದರೆ ಉಳಿದ ಕಾಲಿನ ತುದಿಯ, ಚರ್ಮ ಕೆಟ್ಟಾಗ ಟಿ87 ಹಾಕುವವರಿದ್ದಾರೆ. ಅದು ಶಸ್ತ್ರಚಿಕಿತ್ಸೆಯಿಂದಾದ ಸ್ಟಂಪಿನ ತೊಡಕಿಗೆ. ಎಂದೂ ಆಪರೇಷನ್ ಆಗದ ಜನ್ಮಜಾತ ತುದಿಗೆ ಚರ್ಮದ ಕೋಡೇ ಸರಿ: ಬಲಗಾಲಿನ ಸೆಲ್ಯುಲೈಟಿಸ್ ಆದರೆ ಎಲ್03.115, ಎಡಗಾಲಿನದ್ದು ಎಲ್03.116.

ವಯಸ್ಸಿನ ಮಾತೊಂದು ಉಳಿಯಿತು. ಕ್ಯೂ ಕೋಡ್ ಮಕ್ಕಳಿಗೆ ಮಾತ್ರವಲ್ಲ. ಕೊರತೆ ಇರುವವರೆಗೂ, ಅರವತ್ತರ ಅಜ್ಜನಿಗೂ ಅದೇ ಕೋಡ್.

ಮೊದಲ ತಿಂಗಳುಗಳು

ಮನೆಯವರು ಮೊದಲು ಕೇಳುವುದು ಯಾಕೆ ಹೀಗಾಯಿತು ಎಂದು. ಕಾಲಿನ ಮೊಳಕೆ ಗರ್ಭ ಕಟ್ಟಿದ ನಾಲ್ಕನೆಯ ವಾರದ ಕೊನೆಗೆ ಮೂಡಿ ಎಂಟನೆಯ ವಾರದ ಹೊತ್ತಿಗೆ ಆಕಾರ ಪಡೆದುಬಿಡುತ್ತದೆ. ಎಷ್ಟೋ ತಾಯಂದಿರಿಗೆ ಗರ್ಭಿಣಿಯೆಂದು ಖಚಿತವಾಗುವ ಹೊತ್ತಿಗೆ ಕಾಲು ರೂಪುಗೊಳ್ಳುವುದು ಅರ್ಧ ಮುಗಿದಿರುತ್ತದೆ. ಆರನೆಯ ತಿಂಗಳಲ್ಲಿ ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೆ, ಏಳರಲ್ಲಿ ಮೆಟ್ಟಿಲು ಹತ್ತಿದ್ದಕ್ಕೆ ಕಾಲು ಹೋಗಲು ಸಾಧ್ಯವೇ ಇಲ್ಲ. ಬಾಣಂತಿಯ ಕೋಣೆಯಲ್ಲಿ ಈ ಮಾತು ಎದ್ದರೆ ಅಲ್ಲೇ ನಿಲ್ಲಿಸಿ. ಫಿಬುಲಾ, ಫೀಮರಿನ ಕೊರತೆಗಳು ಸಾಮಾನ್ಯವಾಗಿ ಮನೆತನದಲ್ಲಿ ಬರುವಂಥವಲ್ಲ. ಟಿಬಿಯಾದ್ದು ಕೆಲವು ಕುಟುಂಬಗಳಲ್ಲಿ ಬರುತ್ತದೆ, ಅದಕ್ಕೆ ಜೆನೆಟಿಕ್ ಸಲಹೆ ಬೇಕು.

ಎಣ್ಣೆ ನೀರು ಹಾಕುವ ಅಜ್ಜಿಗೆ ಒಂದು ಮಾತು ಹೇಳಿ: ಗಿಡ್ಡ ಕಾಲನ್ನು ಎಳೆಯಬಾರದು. ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು, ಎರಡೂ ಕಾಲು ಜೋಡಿಸಿ ಜಗ್ಗಿ ‘ಸಮ’ ಮಾಡುವ ರೂಢಿ ನಮ್ಮಲ್ಲಿದೆ. ತೊಡೆಯೆಲುಬಿನ ಮೇಲ್ಭಾಗವೇ ಗಟ್ಟಿಯಾಗಿಲ್ಲದ ಮಗುವಿನ ಸೊಂಟದ ಕೀಲಿಗೆ ಇದು ಪೆಟ್ಟು. ಎಣ್ಣೆ ಸವರಲಿ, ನೀರು ಹಾಕಲಿ, ಜಗ್ಗುವುದು ಬೇಡ.

ಲಸಿಕೆ ತಪ್ಪಿಸಬೇಡಿ. ಆರನೆಯ ವಾರಕ್ಕೆ ಪೆಂಟಾ ಎಡತೊಡೆಗೆ, ಪಿಸಿವಿ ಬಲತೊಡೆಗೆ ಕೊಡುವ ಪದ್ಧತಿ. ಒಂದು ತೊಡೆ ಇಲ್ಲ, ಅಥವಾ ತೀರ ಗಿಡ್ಡ ಎಂದಾದರೆ ಎರಡನ್ನೂ ಒಂದೇ ತೊಡೆಯ ಹೊರಬದಿಗೆ, 2.5 ಸೆಂಟಿಮೀಟರ್, ಅಂದರೆ ಒಂದಿಂಚು ಅಂತರ ಬಿಟ್ಟು ಕೊಡಬಹುದು. ಸಿಸ್ಟರಿಗೆ ಮೊದಲೇ ತಿಳಿಸಿ. ಎರಡನೆಯದನ್ನು ‘ಮುಂದಿನ ಸಲ ನೋಡೋಣ’ ಎಂದು ಬಿಡುವುದು ಬೇಡ.

ಬೋರಲು ಮಲಗಿಸುವುದು ಈ ಹಂತದ ಮುಖ್ಯ ವ್ಯಾಯಾಮ. ಮಗು ಎಚ್ಚರವಿದ್ದಾಗ, ನೀವು ಎದುರಿಗಿದ್ದಾಗ, ದಿನಕ್ಕೆ ಮೂರು ನಾಲ್ಕು ಸಲ, ಶುರುವಿಗೆ ಎರಡು ಮೂರು ನಿಮಿಷ. ಸೊಂಟದ ಕೀಲು ಮುಂದಕ್ಕೆ ಮಡಚಿಕೊಂಡು ಬಿಗಿಯಾದರೆ ಮುಂದೆ ಕೃತಕ ಕಾಲು ನೆಟ್ಟಗೆ ನಿಲ್ಲುವುದಿಲ್ಲ, ಮಗು ಸೊಂಟ ಹಿಂದಕ್ಕೆ ಬಾಗಿಸಿ ನಡೆಯುತ್ತದೆ. ತೊಡೆಯ ಕೆಳಗೆ ದಿಂಬಿಡುವುದು ಪ್ರೀತಿಗೆ ಮಾಡುವ ಕೆಲಸವಾದರೂ ಬಿಗಿತಕ್ಕೆ ದಾರಿ. ಕಂಕುಳಲ್ಲೇ ಇಡೀ ದಿನ ಹೊರುವುದೂ ಅಷ್ಟೇ, ಅದರಲ್ಲೂ ಪಿಎಫ್‌ಎಫ್‌ಡಿ ಮಗುವಿಗೆ. ತೊಡೆ ಈಗಾಗಲೇ ಮಡಚಿ ಹೊರಕ್ಕೆ ತಿರುಗಿದೆ, ಕಂಕುಳು ಅದನ್ನೇ ಇನ್ನಷ್ಟು ಗಟ್ಟಿ ಮಾಡುತ್ತದೆ. ನೆಲಕ್ಕೆ ಬಿಡಿ. ತೆವಳಲಿ, ಅಂಬೆಗಾಲಿಡಲಿ, ಕುಂಡಿಯ ಮೇಲೆ ಸರಿಯಲಿ.

ಉದ್ದದ ಲೆಕ್ಕ

ಜನ್ಮಜಾತ ಕೊರತೆಯಲ್ಲಿ ಎರಡು ಕಾಲುಗಳ ಅನುಪಾತ ಬೆಳೆಯುತ್ತಾ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದ್ದರಿಂದ ಇಂದಿನ ವ್ಯತ್ಯಾಸವನ್ನು ವಯಸ್ಸಿನ ಗುಣಕದಿಂದ ಗುಣಿಸಿದರೆ ಬೆಳೆದ ಮೇಲಿನ ವ್ಯತ್ಯಾಸ ಸಿಗುತ್ತದೆ. ಮೂಳೆ ತಜ್ಞ ಪೇಲಿ ಅವರ ಗುಣಕ ಹುಟ್ಟಿದಾಗ ಗಂಡಿಗೆ 5.08, ಹೆಣ್ಣಿಗೆ 4.63, ಒಂದು ವರ್ಷಕ್ಕೆ 3.24 ಮತ್ತು 2.97. ಒಂದು ವರ್ಷದ ಗಂಡುಮಗುವಿನ ಕಾಲು 3 ಸೆಂಟಿಮೀಟರ್ ಗಿಡ್ಡ ಎಂದರೆ 3 × 3.24, ದೊಡ್ಡವನಾದಾಗ 9.7 ಸೆಂಟಿಮೀಟರ್. ಇವತ್ತು ‘ಸ್ವಲ್ಪ ಗಿಡ್ಡ ಅಷ್ಟೇ’ ಅನ್ನಿಸುವುದು ಅಷ್ಟಕ್ಕೇ ನಿಲ್ಲುವುದಿಲ್ಲ.

ಅಳೆಯುವುದು ಟೇಪಿನಿಂದಲ್ಲ. ನಿಲ್ಲಬಲ್ಲ ಮಗುವನ್ನು ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ಅರ್ಧ ಅರ್ಧ ಸೆಂಟಿಮೀಟರಿನ ಹಲಗೆ ಇಡುತ್ತಾ, ಹಿಂದಿನಿಂದ ಸೊಂಟದ ಎರಡು ಎಲುಬುಗಳ ಮೇಲೆ ಹೆಬ್ಬೆರಳಿಟ್ಟು ಸಮ ಆಗುವವರೆಗೆ ನೋಡಿ. ಹಲಗೆಗಳ ಒಟ್ಟು ಎತ್ತರವೇ ವ್ಯತ್ಯಾಸ. ಮೊಣಕಾಲು ಮಡಚಿದ್ದರೆ ಲೆಕ್ಕ ಸುಳ್ಳು.

ಬೆಳೆದಾಗ 2 ಸೆಂಟಿಮೀಟರ್ ಒಳಗೇ ಉಳಿಯುವುದಾದರೆ ಚಪ್ಪಲಿ ಎತ್ತರಿಸಿದರೆ ಸಾಕು, ಅದೂ ಬೇಡದಿರಬಹುದು. ಒಂದು ಸೆಂಟಿಮೀಟರಿನಷ್ಟು ಶೂ ಒಳಗೆ ಹಿಡಿಸುತ್ತದೆ, ಹೆಚ್ಚಿನದು ಅಟ್ಟೆಗೆ ಹೊರಗಿಂದ ಅಂಟಿಸಬೇಕು. ಒಳಗೇ ತುರುಕಿದರೆ ಹಿಮ್ಮಡಿ ಶೂನಿಂದ ಮೇಲೆದ್ದು ಬರುತ್ತದೆ. 2ರಿಂದ 5ರ ನಡುವಿನದಕ್ಕೆ ಉದ್ದ ಕಾಲಿನ ಬೆಳವಣಿಗೆಯ ಫಲಕವನ್ನು (ಎಲುಬು ಉದ್ದ ಬೆಳೆಯುವ ಮೃದ್ವಸ್ಥಿಯ ಪದರವನ್ನು) ಸರಿಯಾದ ವಯಸ್ಸಿನಲ್ಲಿ ತಡೆಯುವುದು ಒಂದು ದಾರಿ, ಆ ವಯಸ್ಸು ಮೀರಿದರೆ ಆಗದು. ಅದಕ್ಕೂ ಹೆಚ್ಚಿನದಕ್ಕೆ ಎಲುಬು ಉದ್ದ ಮಾಡುವ ಚಿಕಿತ್ಸೆ: ದಿನಕ್ಕೆ 1 ಮಿಲಿಮೀಟರ್, ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. 5 ಸೆಂಟಿಮೀಟರ್ ಎಳೆಯಲು ಐವತ್ತು ದಿನ, ಅದು ಗಟ್ಟಿಯಾಗಲು ಇನ್ನೂ ತಿಂಗಳುಗಳು. 20 ಸೆಂಟಿಮೀಟರ್ ವ್ಯತ್ಯಾಸವಿದ್ದು ಪಾದವೂ ಕೆಲಸಕ್ಕೆ ಬಾರದಿದ್ದರೆ ಮೂರು ನಾಲ್ಕು ಸಲ ಈ ಚಿಕಿತ್ಸೆಗೆ ಬಾಲ್ಯ ಕಳೆಯುವುದೋ, ಬೇಗ ಪಾದ ತೆಗೆಸಿ ಕೃತಕ ಕಾಲಲ್ಲಿ ಓಡುವುದೋ ಎಂಬ ಪ್ರಶ್ನೆ ನಿಜವಾಗಿಯೂ ಎದುರಾಗುತ್ತದೆ.

ತೆಗೆಯುವುದಾದರೆ ಎಲ್ಲಿ ತೆಗೆಯುತ್ತಾರೆ ಎಂದು ಕೇಳಿ. ಬೆಳೆಯುವ ಮಗುವಿನಲ್ಲಿ ಎಲುಬಿನ ನಡುವೆ ಕತ್ತರಿಸಿದರೆ ತುದಿ ಮೊನಚಾಗಿ ಬೆಳೆದು ಚರ್ಮ ಚುಚ್ಚುತ್ತದೆ, ಮತ್ತೆ ಮತ್ತೆ ಆಪರೇಷನ್ ಆಗುತ್ತದೆ. ಕೀಲಿನಲ್ಲಿ ಬಿಡಿಸಿದರೆ ಈ ಕಾಟ ಇಲ್ಲ, ಬೆಳವಣಿಗೆಯ ಫಲಕ ಉಳಿಯುತ್ತದೆ, ತುದಿಯ ಮೇಲೆ ಭಾರ ಹಾಕಿ ನಿಲ್ಲಬಹುದು. ಸೈಮ್, ಬಾಯ್ಡ್ ಎಂಬ ಹೆಸರಿನ ಆಪರೇಷನ್‌ಗಳಲ್ಲಿ ಹಿಮ್ಮಡಿಯ ಗಟ್ಟಿ ಚರ್ಮವನ್ನೇ ತುದಿಗೆ ಉಳಿಸುತ್ತಾರೆ. ರಾತ್ರಿ ಕೃತಕ ಕಾಲಿಲ್ಲದೆ ಬಚ್ಚಲಿಗೆ ಹೋಗಲು ಅದರಷ್ಟು ಅನುಕೂಲ ಬೇರೆ ಇಲ್ಲ. ಅಡ್ಡ ಕೊರತೆಯಿರುವ ಮಗುವಿಗೆ ಹೆಚ್ಚಾಗಿ ಆಪರೇಷನ್ನೇ ಬೇಡ, ನೇರ ಕೃತಕ ಕಾಲು.

ಮೊದಲ ಕೃತಕ ಕಾಲು

ಮಗು ಮಂಚ, ಕುರ್ಚಿ ಹಿಡಿದು ಏಳಲು ನೋಡುವಾಗ, ಸುಮಾರು 9ರಿಂದ 12 ತಿಂಗಳಿಗೆ, ಮೊದಲ ಕಾಲು. ‘ದೊಡ್ಡದಾಗಲಿ, ಆಮೇಲೆ ಒಂದೇ ಸಲ ಮಾಡಿಸೋಣ’ ಎಂದು ಐದು ವರ್ಷ ಕಾದರೆ ಒಂದೇ ಕಾಲಲ್ಲಿ ಕುಪ್ಪಳಿಸುವ ನಡಿಗೆ ಅಭ್ಯಾಸವಾಗಿ, ಹೊಸ ಕಾಲನ್ನು ಮಗು ಹೊರೆಯೆಂದು ಬಿಸಾಡುತ್ತದೆ. ಮೊಣಕಾಲ ಮೇಲಿನ ಕೊರತೆಗೆ ಮೊದಲ ಕಾಲಿನಲ್ಲಿ ಮಡಚುವ ಮೊಣಕಾಲು ಇಲ್ಲದೆಯೂ ಕೊಡುತ್ತಾರೆ. ಮಡಚುವುದನ್ನು ಯಾವಾಗ ಸೇರಿಸುವುದೆಂದು ಪ್ರಾಸ್ಥೆಟಿಸ್ಟ್ (ಕೃತಕ ಕಾಲು ಮಾಡಿ ಹೊಂದಿಸುವ ತಜ್ಞ) ನಡಿಗೆ ನೋಡಿ ಹೇಳಬೇಕು.

ಸಾಕೆಟ್, ಅಂದರೆ ಕಾಲಿನ ತುದಿ ಕೂರುವ ಬಟ್ಟಲು, ಮಾಡಿಸುವಾಗಲೇ ಬೆಳವಣಿಗೆಗೆ ಜಾಗ ಕೇಳಿ. ಒಳಗೆ ಒಂದರ ಮೇಲೊಂದು ಪದರವಿದ್ದು, ಕಾಲು ದಪ್ಪವಾದಂತೆ ಒಂದೊಂದನ್ನೇ ತೆಗೆಯುವಂತೆ ಮಾಡಬಹುದು. ಅದಿಲ್ಲದಿದ್ದರೆ ದಪ್ಪ ಕಾಲುಚೀಲದೊಂದಿಗೆ ಅಳತೆ ಕೊಡುವುದು. ಕಾಲುಚೀಲದ ದಪ್ಪವನ್ನು ಪ್ಲೈ ಎನ್ನುತ್ತಾರೆ: 1, 3, 5. ಹೊಸ ಸಾಕೆಟ್ 5 ಪ್ಲೈಗೆ ಸರಿ ಕೂತಿದ್ದರೆ, ಮೂರು ತಿಂಗಳಿಗೆ 3, ಇನ್ನು ಕೆಲವು ತಿಂಗಳಿಗೆ 1. ಒಂದಕ್ಕೇ ಬಿಗಿಯಾಯಿತು ಎಂದ ದಿನವೇ ಹೊಸ ಸಾಕೆಟಿಗೆ ದಿನ ಗೊತ್ತುಮಾಡಿಕೊಳ್ಳಿ. ಐದು ವರ್ಷದವರೆಗೆ ವರ್ಷಕ್ಕೊಂದು, ಹನ್ನೆರಡರವರೆಗೆ ಎರಡು ವರ್ಷಕ್ಕೊಂದು, ಆಮೇಲೆ ಮೂರು ನಾಲ್ಕು ವರ್ಷಕ್ಕೊಂದು ಎಂಬ ಅಂದಾಜಿನಲ್ಲಿ ಖರ್ಚು ಹೊಂದಿಸಿಕೊಳ್ಳಬೇಕು. ತಪಾಸಣೆ ಮೂರು ತಿಂಗಳಿಗೊಮ್ಮೆ.

ನಮ್ಮ ಮನೆಗಳಲ್ಲಿ ಬರಿಗಾಲು. ಇದನ್ನು ಪ್ರಾಸ್ಥೆಟಿಸ್ಟ್‌ಗೆ ಹೇಳದೇ ಇರಬೇಡಿ. ಒಂದು ಸೆಂಟಿಮೀಟರ್ ಹಿಮ್ಮಡಿಯಿರುವ ಸ್ಕೂಲ್ ಶೂಗೆ ಹೊಂದಿಸಿದ ಪಾದವನ್ನು ಮನೆಯೊಳಗೆ ಬರಿದಾಗಿ ಊರಿದರೆ ಮಗು ಹಿಂದಕ್ಕೆ ವಾಲುತ್ತದೆ, ಮೊಣಕಾಲು ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಬರಿಗಾಲಿಗೇ ಹೊಂದಿಸಿಕೊಂಡು ಹಿಮ್ಮಡಿಯಿಲ್ಲದ ಶೂ ಕೊಳ್ಳುವುದು ಸುಲಭದ ದಾರಿ. 1968ರಲ್ಲಿ ರಾಮಚಂದ್ರ ಶರ್ಮ, ಡಾ. ಪಿ.ಕೆ. ಸೇಥಿ ರೂಪಿಸಿದ ಜೈಪುರ ಪಾದ ಬರಿಗಾಲಿಗೆ, ಕುಕ್ಕರಗಾಲಿಗೆ ಆಗಿಬರುವಂತೆ ಮಾಡಿದ್ದು. ದೇವಸ್ಥಾನ, ಗದ್ದೆ, ಹಳ್ಳಿಯ ಶಾಲೆಗೆ ಅದು ಈಗಲೂ ಒಳ್ಳೆಯ ಆಯ್ಕೆ.

ಹಾಕುವ ಕ್ರಮ: ಚರ್ಮ ಒಣಗಿರಲಿ. ಕಾಲುಚೀಲ ಏರಿಸಿ ತುದಿಯಲ್ಲಿ ಸುಕ್ಕಾಗಲಿ ಹೊಲಿಗೆಯ ಗಂಟಾಗಲಿ ಒತ್ತದಂತೆ ಎಳೆಯಿರಿ. ಸಾಕೆಟಿಗೆ ಇಳಿಸಿ, ನಿಲ್ಲಿಸಿ ಭಾರ ಹಾಕಿಸಿ, ಆಮೇಲೆ ಪಟ್ಟಿ ಬಿಗಿಯಿರಿ. ಕೂರಿಸಿಯೇ ಬಿಗಿದರೆ ನಿಂತಾಗ ಸಡಿಲ. ಮೊದಲ ವಾರ ಒಂದೊಂದು ಗಂಟೆ ಹಾಕಿ ಬಿಚ್ಚಿ ನೋಡಿ, ಚರ್ಮ ಸರಿಯಿದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನಿದ್ದೆಗೆ ಬಿಚ್ಚಿ.

ಬಿಚ್ಚಿದಾಗ ಕೆಂಪು ಇದ್ದೇ ಇರುತ್ತದೆ. ಎಲ್ಲಿ, ಎಷ್ಟು ಹೊತ್ತು ಎನ್ನುವುದು ಮುಖ್ಯ. ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಕೆಂಪಾಗಿ ಹತ್ತು ಹದಿನೈದು ನಿಮಿಷಕ್ಕೆ ಮಾಯವಾದರೆ ಭಾರ ಸರಿಯಾದ ಜಾಗಕ್ಕೆ ಬೀಳುತ್ತಿದೆ. ಮೊಣಕಾಲ ಕೆಳಗೆ ಮುಂಬದಿಯ ಎಲುಬಿನ ಏಣಿನ ಮೇಲೆ, ಹೊರಬದಿಯ ಸಣ್ಣ ಎಲುಬಿನ ತಲೆಯ ಮೇಲೆ, ತುತ್ತತುದಿಯಲ್ಲಿ ಕೆಂಪು ಉಳಿದರೆ ಸಾಕೆಟ್ ತಪ್ಪು. ತುದಿ ನೋಯುತ್ತದೆಂದರೆ ಕಾಲು ತೀರ ಒಳಗಿಳಿದಿದೆ, ಒಂದು ಚೀಲ ಹೆಚ್ಚಿಸಿ. ಸಾಕೆಟಿನ ಅಂಚು ಮೇಲೆ ಕಚ್ಚುತ್ತಾ ಕೃತಕ ಕಾಲು ಉದ್ದವಾದಂತೆ ಕಂಡರೆ ಒಳಗಿಳಿದಿಲ್ಲ, ಒಂದು ಚೀಲ ಕಡಿಮೆ ಮಾಡಿ. ತುದಿಗೆ ಏನೂ ತಾಗದೆ ಖಾಲಿ ಉಳಿದಿದ್ದರೆ ಅಲ್ಲಿನ ಚರ್ಮ ಕಪ್ಪಾಗಿ, ನರಹುಲಿಯಂತೆ ಒರಟಾಗಿ ಉಬ್ಬುತ್ತದೆ. ಮುಲಾಮಿನಿಂದ ಹೋಗದು, ತುದಿಗೆ ಮೆತ್ತೆ ಹಾಕಿಸಬೇಕು. ಬೊಕ್ಕೆ ಎದ್ದರೆ ಒಡೆಯಬೇಡಿ, ಒಣಗುವವರೆಗೆ ಕಾಲು ಹಾಕಬೇಡಿ.

ತೊಳೆಯುವುದು ಸಂಜೆ. ಬೆಳಿಗ್ಗೆ ತೊಳೆದು ತಕ್ಷಣ ಹಾಕಿದರೆ ಹಸಿ ಚರ್ಮ ಸಾಕೆಟಿಗೆ ಅಂಟಿ ಸುಲಿಯುತ್ತದೆ. ಕಾಲುಚೀಲ ದಿನಕ್ಕೊಂದು, ಬೇಸಿಗೆಯಲ್ಲಿ ಎರಡು. ಕನಿಷ್ಠ ಆರು ಚೀಲ ಕೈಯಲ್ಲಿರಲಿ, ಮಳೆಗಾಲದಲ್ಲಿ ಮಲೆನಾಡಿನಲ್ಲಿ ಆರೂ ಒಣಗುವುದಿಲ್ಲ. ಸಾಕೆಟ್ ಒಳಗನ್ನು ಸೌಮ್ಯ ಸೋಪಿನ ಬಟ್ಟೆಯಿಂದ ಒರೆಸಿ ಒಣ ಬಟ್ಟೆಯಲ್ಲಿ ತೆಗೆಯಿರಿ, ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪೌಡರ್ ಬೆವರಿಗೆ ಸೇರಿ ಮರಳಾಗುತ್ತದೆ, ಬೇಡ.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದು ಚಲನ ವೈಕಲ್ಯದ ಅಡಿ ಬರುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚು ಇರಬೇಕು. ಅಷ್ಟಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕೂ ಇದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಆನ್‌ಲೈನ್‌ನಲ್ಲಿ, ತಪಾಸಣೆ ಜಿಲ್ಲಾಸ್ಪತ್ರೆಯಲ್ಲಿ. ಹೋಗುವಾಗ ಎಕ್ಸ್‌ರೇ ಫಿಲ್ಮನ್ನೇ ಒಯ್ಯಿರಿ. ಪ್ರಮಾಣಪತ್ರದಲ್ಲಿ ಬದಿ, ಮಟ್ಟ, ‘ಜನ್ಮಜಾತ’ ಎಂಬ ಪದ ಮೂರೂ ಇವೆಯೇ ಎಂದು ಕೌಂಟರ್ ಬಿಡುವ ಮುಂಚೆ ಓದಿ. ಒಂದು ಕಡೆ ಬಲ, ಇನ್ನೊಂದು ಕಡೆ ಎಡ ಎಂದಾಗಿಬಿಟ್ಟರೆ ತಿದ್ದಿಸಲು ತಿಂಗಳುಗಟ್ಟಲೆ ಅಲೆದಾಟ. ಅರ್ಜಿ ತುಂಬಲು ಪಂಚಾಯಿತಿ ಮಟ್ಟದ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ (ಸರ್ಕಾರದ ಪುನರ್ವಸತಿ ಕಾರ್ಯಕರ್ತರು) ನೆರವಾಗುತ್ತಾರೆ. ಅದು ಅವರ ಕೆಲಸವೇ.

ಕೇಂದ್ರದ ಎಡಿಐಪಿ ಯೋಜನೆಯಲ್ಲಿ, ಆದಾಯದ ಮಿತಿಯೊಳಗಿರುವವರಿಗೆ ಸಲಕರಣೆ ಉಚಿತ ಅಥವಾ ಅರ್ಧ ಬೆಲೆಗೆ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಎಂಬ ನಿಯಮವಿದ್ದರೂ 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷಕ್ಕೇ ಮತ್ತೆ ಕೇಳಬಹುದು. ಶಿಬಿರದಲ್ಲಿ ‘ಹೋದ ವರ್ಷ ಕೊಟ್ಟಾಗಿದೆ’ ಎಂದು ವಾಪಸ್ ಕಳಿಸಿದರೆ ಈ ಸಾಲನ್ನು ತೋರಿಸಿ. ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ, ಎಪಿಡಿ ಸಂಸ್ಥೆಗಳು ವರ್ಷಗಳಿಂದ ಈ ಕ್ಷೇತ್ರದಲ್ಲಿವೆ. ತೆರಿಗೆ ಕಟ್ಟುವ ತಂದೆತಾಯಿಗೆ ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆಯ 80ಡಿಡಿ ಕಲಮಿನ ಅಡಿ 75,000 ರೂಪಾಯಿ, ವೈಕಲ್ಯ ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ.

ಒಂದು ಫೈಲು ಮಾಡಿ: ಮೊದಲ ಎಕ್ಸ್‌ರೇ, ಪ್ರತಿ ತಪಾಸಣೆಯ ಉದ್ದ ವ್ಯತ್ಯಾಸ ದಿನಾಂಕದೊಂದಿಗೆ, ಆಪರೇಷನ್ ನೋಟ್ಸ್, ಪ್ರತಿ ಸಾಕೆಟ್ ಮಾಡಿಸಿದ ತಾರೀಕು, ಆಗ ಹಾಕಿದ್ದ ಪ್ಲೈ. ಹಳೆಯ ಕೃತಕ ಕಾಲನ್ನು ಹೊಸದು ಸರಿಹೊಂದುವವರೆಗೆ ಯಾರಿಗೂ ಕೊಡಬೇಡಿ.